ಬೇಪೂರಿನ ಹತ್ತಿ, ಬೆಂಗ್ರೆಯ ಫೈಬರ್

ಕೋಯಿಕ್ಕೋಡಿನಲ್ಲಿ ನೆಲೆಸಿದ ಮಂಗಳೂರಿನವರಿಗೆ ಬೇಪೂರು ಪರಊರು ಅನ್ನಿಸುವುದಿಲ್ಲ. ಇಲ್ಲಿ ಚಾಲಿಯಾರ್, ಅಲ್ಲಿ ನೇತ್ರಾವತಿ–ಗುರುಪುರ. ಎರಡು ಕಡೆಯೂ ಅಳಿವೆ, ದಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೊರಡುವ ಮಂಜಿ ಎಂಬ ಸರಕು ದೋಣಿ. ವ್ಯತ್ಯಾಸ ಕಾಣುವುದು ಮರಗೆಲಸದಲ್ಲಿ.

ಬೇಪೂರಿನಲ್ಲಿ ಕಟ್ಟುವ ದೊಡ್ಡ ಮರದ ಹಡಗಿಗೆ ಉರು ಅನ್ನುತ್ತಾರೆ. ಸಾಂಪ್ರದಾಯಿಕ ಉರುವಿಗೆ ನಕ್ಷೆಯಿಲ್ಲ, ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿ. ಅಡಿಮರ ಇಟ್ಟು ಮೊದಲು ಹಲಗೆ ಕೂಡಿಸುತ್ತಾರೆ. ಒಳಗಿನ ಪಕ್ಕೆಮರ ಆಮೇಲೆ. ಹಾಗಾಗಿ ಅಂಚಿಗೆ ಅಂಚು ಕೂರಲೇಬೇಕು. ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಹುರಿ ಮಾಡಿ, ಮೊಂಡು ಉಳಿಯಿಟ್ಟು ಬಡಿದು ತುಂಬುತ್ತಾರೆ. ನೀರಿಗಿಳಿದ ಮೇಲೆ ಮರ ಉಬ್ಬಿ ಹತ್ತಿಯನ್ನು ಅದುಮಿ ಹಿಡಿಯುತ್ತದೆ. ಬಡಿತ ಸಾಲದಿದ್ದರೆ ಹತ್ತಿ ಸಡಿಲಿ ಹೊರಬರುತ್ತದೆ. ಒಣಮರಕ್ಕೆ ಅತಿಯಾಗಿ ತುರುಕಿದರೋ, ಉಬ್ಬುವ ಹಲಗೆಗೆ ಜಾಗ ಸಾಲದೆ ಮೊಳೆಯೇ ಜಗ್ಗುತ್ತದೆ. ಎಷ್ಟು ಸಾಕು ಅನ್ನುವುದು ಸುತ್ತಿಗೆಯ ಸದ್ದಿನಲ್ಲಿ ಗೊತ್ತಾಗಬೇಕು.

ನಮ್ಮಲ್ಲಿ, ಮಂಗಳೂರಿನ ಬೆಂಗ್ರೆಯ ಮೀನುಗಾರಿಕೆ ಬೋಟುಗಳ ಕೆಲಸದಲ್ಲಿ, ಈ ಸಾವಧಾನವಿಲ್ಲ, ಇರುವುದೂ ಕಷ್ಟ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ರಿಪೇರಿಯೆಲ್ಲ ಆಗಲೇ ಮುಗಿಯಬೇಕು. ಕರಾವಳಿಯ ಜೋರು ಮಳೆಯೂ ಆಗಲೇ! ಬೋಟು ಕಡಲಿಗಿಳಿಸುವ ಆತುರದಲ್ಲಿ ಹಳೆ ಮರದ ಮೇಲೆ ಫೈಬರ್, ಅಂದರೆ ರಾಳ ಹಚ್ಚಿದ ಗಾಜಿನ ನೂಲಿನ ಹಾಸು, ಹೊದಿಸಿಬಿಡುತ್ತಾರೆ. ಒದ್ದೆ ಮರಕ್ಕೆ ರಾಳ ಸರಿಯಾಗಿ ಕಚ್ಚುವುದಿಲ್ಲ, ಒಳಗಿನ ತೇವಕ್ಕೆ ಹೊರದಾರಿಯೂ ಇಲ್ಲ. ಮೇಲೆ ಬಣ್ಣ ಫಳಫಳ, ಒಳಗೆ ಹಲಗೆ ಕುಂಬು. ಹತ್ತಿ ಹಾಕಿದ ಸಂದಿ ಸೋರಿದರೆ ಜಾಗ ಕಾಣುತ್ತದೆ; ಫೈಬರಿನಡಿಯ ಕುಂಬು ಕಾಣುವುದೇ ಇಲ್ಲ.

ಎಲ್ಲರೂ ಉರು ಕಟ್ಟಲಿ ಅನ್ನುತ್ತಿಲ್ಲ ಮಾರಾಯ್ರೇ. ಉರುವಿಗೆ ಕೊಲ್ಲಿಯ ಶ್ರೀಮಂತರು ದುಡ್ಡು ಸುರಿಯುತ್ತಾರೆ, ನಮ್ಮ ಬೋಟಿನವರು ಸಾಲದಲ್ಲಿದ್ದಾರೆ. ಉಕ್ಕಿನ ಕೆಲಸದಲ್ಲಿ ನಾವೇನೂ ಹಿಂದಿಲ್ಲ: ಮಲ್ಪೆಯ ಯಾರ್ಡಿಗೆ ನಾರ್ವೆಯಿಂದ 3800 ಟನ್ನಿನ ಸರಕು ಹಡಗುಗಳ ಆರ್ಡರ್ ಬಂದಿದೆ. ಹೈದರಾಲಿ ಹಡಗು ಕಟ್ಟಿಸಿದ ಊರು ಮಂಗಳೂರು. ಆದರೆ ಆ ಹೆಮ್ಮೆಯಿಂದ ಹಲಗೆ ಒಣಗುವುದಿಲ್ಲ.

ಫೈಬರ್ ಹೊದಿಸಲೇಬೇಕೆಂದರೆ ಮೇ ತಿಂಗಳ ಬಿಸಿಲು ಇರುವಾಗಲೇ ಬೋಟು ದಡಕ್ಕೆಳೆಯಬೇಕು. ಹಳೆ ಬಣ್ಣ ಪೂರ್ತಿ ಕೆರೆದು, ತುಕ್ಕು ಹಿಡಿದ ಮೊಳೆ ಕಿತ್ತು, ಮೇಲೆ ಟಾರ್ಪಾಲು ಕಟ್ಟಿ, ಬದಿಯಲ್ಲಿ ಗಾಳಿಯಾಡಲು ಬಿಡಬೇಕು. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದ ಹಲಗೆ ಬದಲಿಸಿ. ಅಡಿಮರದ ಪಕ್ಕದ ಹಲಗೆಯಿಂದಲೇ ಶುರು ಮಾಡಿ. ಬೋಟಿನೊಳಗಿನ ನೀರು ನಿಲ್ಲುವುದು ಅಲ್ಲಿಯೇ.