ಹಡಗಿಗೆ ಹಾಕಿದ ಟಾವೆಲ್ಲು

ಇವತ್ತು ಹತ್ತೂಕಾಲಿಗೆ ನಳ ಬಂತು. ನಳ ಬಂದಾಗ ಮನೆ ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ ಮಾಳಿಗೆಯ ಮೇಲೆ ಟಾಕಿಯೊಳಗೆ ಇಣುಕಿ ನೋಡುತ್ತಿದ್ದ, ಹೆಂಡತಿ ಮೋಟರಿನ ಬಟನ್ ಮೇಲೆ ಬೆರಳಿಟ್ಟು ನಿಂತಿದ್ದಳು, ನಾನು ಅಂಗಳದಲ್ಲಿ ಬ್ಯಾರಲ್ಲಿನ ಬಾಯಿಗೆ ಪೈಪು ಹಿಡಿದು ಕೂತಿದ್ದೆ. ಅಷ್ಟರಲ್ಲಿ ಫೋನು.

"ಗುಡ್ ಮಾರ್ನಿಂಗ್ ಸರ್! ತಮ್ಮ ಕ್ರೂಸ್ ಹಾಲಿಡೇ ಬಗ್ಗೆ ಮಾತಾಡೋಣ ಅಂತ ಕಾಲ್ ಮಾಡಿದೆ ಸರ್. ಸೀ ವ್ಯೂ ಆಫರ್ ಇವತ್ತು ಸಂಜೆ ಆರಕ್ಕೆ ಕ್ಲೋಸ್ ಆಗ್ತಾ ಇದೆ."

ಈ ಆಫರು ಫೆಬ್ರುವರಿಯಿಂದ ದಿನಾ ಸಂಜೆ ಆರಕ್ಕೆ ಸಾಯುತ್ತದೆ, ಮರುದಿನ ಬೆಳಿಗ್ಗೆ ಹತ್ತಕ್ಕೆ ಎದ್ದು ಕೂಡುತ್ತದೆ. ಫೋನು ಮಾಡುವ ಹುಡುಗಿಗೆ ನಾನು ಏನೆಲ್ಲಾ ಹೇಳಿ ನೋಡಿದೆ. ಮೀಟಿಂಗ್‌ನಲ್ಲಿದ್ದೇನೆ ಅಂದೆ, ದವಾಖಾನೆಯಲ್ಲಿದ್ದೇನೆ ಅಂದೆ, ಒಮ್ಮೆಯಂತೂ ಬೇಸತ್ತು "ಆ ಸರ್ ಊರಾಗಿಲ್ರಿ, ನಾ ಅವರ ತಮ್ಮ" ಅಂದೆ. "ಹೌದಾ ಸರ್, ಹಾಗಾದ್ರೆ ತಾವು ಕ್ರೂಸ್ ಮಾಡಿದೀರಾ ಸರ್?" ಅಂತ ಕೇಳಿದಳು. ಅವತ್ತಿನಿಂದ ದಿನಕ್ಕೆ ಎರಡು ಫೋನು ಬರುತ್ತವೆ, ಒಂದು ನನಗೆ, ಒಂದು ನನ್ನ ತಮ್ಮನಿಗೆ.

ತಪ್ಪು ನನ್ನದೇ. ಈ ವರ್ಷ ನಮ್ಮ ಮದುವೆಯಾಗಿ 25 ವರ್ಷ. ಇಳಕಲ್ ಸೀರೆಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಇವಳು "ಸೀರಿ ಬ್ಯಾಡ, ಸಮುದ್ರ ತೋರಸ್ರಿ" ಅಂದಳು. ಗೋವಾ ಅಂದೆ. "ಗೋವಾ ಸಮುದ್ರ ಎಲ್ಲಾರೂ ನೋಡ್ಯಾರ" ಅಂದಳು, ಎಲ್ಲರೂ ನೋಡಿ ನೋಡಿ ಅದು ಸವೆದು ಹೋಗಿದೆಯೇನೋ ಎಂಬಂತೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪದ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೊ ಬಂತಲ್ಲ, ಆ ಕುರ್ಚಿಯ ಮೇಲೆ ಇವಳ ಕಣ್ಣು ಆವತ್ತೇ ಬಿದ್ದಿತ್ತು. ಸರಿ, ಒಂದು ರಾತ್ರಿ ಮೊಬೈಲಿನಲ್ಲಿ 'ಲಕ್ಷದ್ವೀಪ ಹಡಗು' ಅಂತ ಒತ್ತಿದೆ. ಅದು ಮೊದಲನೇ ತಪ್ಪು. ಎರಡನೆಯದು, ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಕಾಕಾನ ಮುಂದೆ ಬಾಯಿಬಿಟ್ಟೆ.

ಕಾಕಾ "ನಾವೂ ಬರತೀವಿ" ಅನ್ನಲಿಲ್ಲ. "ಹಂಗಾರ ಯಾವತ್ತ ಹೊಂಡೂದು?" ಅಂದರು. ನಮ್ಮ ಕಡೆ ಗಂಡ-ಹೆಂಡತಿ ಇಬ್ಬರೇ ಚೀಲ ಹಿಡಿದು ಹೊರಟರೆ ಓಣಿಯವರು ಯಾವ ದವಾಖಾನೆಗೆ ಅಂತ ಕೇಳುತ್ತಾರೆ. ಹೀಗಾಗಿ ಕಾಕಾ ಬಂದರು, ಹಿಂದೆ ಚಿಗವ್ವ ಬಂದಳು, ಮೂರು ದಿನ ಕಳೆಯುವುದರಲ್ಲಿ ಬೀಗರ ಕಡೆಯವರೂ ಸೇರಿ ಒಂಬತ್ತು ಜನ ಆದೆವು. ವಾಟ್ಸಾಪಿನಲ್ಲಿ 'ಚಲೋ ಲಕ್ಷದ್ವೀಪ' ಅಂತ ಗುಂಪಾಯಿತು. ಅದರಲ್ಲಿ ಇವತ್ತಿನವರೆಗೆ ಹಡಗಿನ ಸುದ್ದಿ ಆರು ಸಲ ಬಂದಿದೆ. ಉಳಿದದ್ದೆಲ್ಲ ಶುಭೋದಯ.

ಈಗ ಕಾಕಾನ ಟಾವೆಲ್ಲಿನ ಬಗ್ಗೆ ಹೇಳಬೇಕು.

ಕಾಕಾ ಮೂವತ್ತೈದು ವರ್ಷ ಗಣಿತದ ಮಾಸ್ತರರಾಗಿದ್ದವರು. ಅಷ್ಟೂ ವರ್ಷ ಕೆಂಪು ಬಸ್ಸಿನಲ್ಲಿ ಓಡಾಡಿದವರು. ಬಸ್ಸು ಸ್ಟ್ಯಾಂಡಿನ ಒಳಗೆ ತಿರುಗುವ ಮೊದಲೇ ಅವರ ಹೆಗಲ ಮೇಲಿನ ಟಾವೆಲ್ಲು ಗಾಳಿಯಲ್ಲಿರುತ್ತಿತ್ತು. ಓಡುವ ಬಸ್ಸಿನ ವೇಗ, ಕಿಡಕಿಯ ಎತ್ತರ, ಗಾಳಿಯ ದಿಕ್ಕು ಎಲ್ಲ ಲೆಕ್ಕ ಹಾಕಿ ಒಗೆದರೆ ಸರಿಯಾಗಿ ಮೂರನೇ ಸಾಲಿನ ಕಿಡಕಿ ಸೀಟಿನ ಮೇಲೆ ಹೋಗಿ ಕೂಡುತ್ತಿತ್ತು. ಶಾಲೆಯಲ್ಲಿ ಕಲಿಸಿದ ಗಣಿತಕ್ಕಿಂತ ಅದು ಮೇಲ್ಮಟ್ಟದ ಗಣಿತ. ಒಮ್ಮೆ ಮಾತ್ರ ಕೂಡಲಸಂಗಮದ ಜಾತ್ರೆಗೆ ಹೊರಟಾಗ ಒಗೆದ ಟಾವೆಲ್ಲು ಡಿಪೋಕ್ಕೆ ಹೋಗುವ ಖಾಲಿ ಬಸ್ಸಿನಲ್ಲಿ ಬಿತ್ತು. ಟಾವೆಲ್ಲು ಒಂದೇ ಆರಾಮವಾಗಿ ಕಿಡಕಿ ಪಕ್ಕ ಕೂತು ಡಿಪೋ ಸೇರಿತು, ನಾವು ಸಂಗಮದವರೆಗೆ ಒಂಟಿ ಕಾಲಿನ ಮೇಲೆ ನಿಂತು ಹೋದೆವು. ಈಗ ರಿಟೈರ್ ಆಗಿ ಹನ್ನೆರಡು ವರ್ಷವಾದರೂ ಆ ಚಟ ಇಳಿದಿಲ್ಲ. ಮದುವೆ ಊಟದ ಪಂಕ್ತಿಗೆ ಟಾವೆಲ್ಲು, ಬ್ಯಾಂಕಿನ ಬೆಂಚಿಗೆ ಟಾವೆಲ್ಲು. ಹೋದ ವರ್ಷ ಕಣ್ಣಿನ ಆಪರೇಶನ್ನಿಗೆ ಹೋದಾಗ ಕಿಡಕಿ ಪಕ್ಕದ ಕಾಟಿಗೂ ಬಿದ್ದಿತ್ತು.

ಹೀಗಾಗಿ ಹಡಗಿನ ಬಗ್ಗೆ ಕಾಕಾ ಕೇಳಿದ ಮೊದಲ ಪ್ರಶ್ನೆ, "ಕಿಡಕಿ ಕಡೆ ಸಿಗತೈತೇನು?"

ಹಡಗಿನಲ್ಲಿ ಖೋಲಿಗಳ ಜಾತಿಪದ್ಧತಿ ಬಹಳ ಕಟ್ಟುನಿಟ್ಟು. ಒಳಗಡೆಯ ಖೋಲಿಗೆ ಕಿಡಕಿಯೇ ಇಲ್ಲ, ಅದು ಎಲ್ಲಕ್ಕಿಂತ ಅಗ್ಗ. ಹೊರಗಡೆಯದಕ್ಕೆ ದುಂಡನೆಯ ಗಾಜಿನ ಕಿಡಕಿ. ಅದರ ಮೇಲೆ ಬಾಲ್ಕನಿಯುಳ್ಳದ್ದು, ಅದಕ್ಕೂ ಮೇಲೆ ಸೂಟು ಅನ್ನುವ ದೊಡ್ಡ ಖೋಲಿ. ಇದನ್ನು ಬಿಡಿಸಿ ಹೇಳಿದೆ. ಕಾಕಾ ಬಹಳ ಹೊತ್ತು ಯೋಚನೆ ಮಾಡಿದರು.

"ಕಿಡಕಿ ಇಲ್ಲದ ಖೋಲಿಗೂ ರೊಕ್ಕ ತಗೋತಾರ?"

"ಹೂಂರಿ ಕಾಕಾ."

"ಅಲ್ಲೋ ತಮ್ಮಾ, ಅದಕ್ಕ ಹಗೇವು ಅಂತಾರ. ಜ್ವಾಳ ಇಡತಿದ್ವಿ."

"ಹಂಗಾರ ದುಂಡನ ಕಿಡಕೀದು ತಗೊಳ್ಳೋಣ್ರಿ. ಆದರ ಅದು ತೆಗಿಯಾಕ ಬರಂಗಿಲ್ಲ."

"ತೆಗಿಯಾಕ ಬರಲಾರದ ಕಿಡಕಿ ಎದಕ್ಕ ಬೇಕೋ? ಎಲಿ ಅಡಿಕಿ ಎಲ್ಲಿ ಉಗಳೂದು?"

ಈ ಪ್ರಶ್ನೆಗೆ ಆ ಫೋನಿನ ಹುಡುಗಿಯ ಬಳಿಯೂ ಉತ್ತರವಿರಲಿಲ್ಲ. ಕಡೆಗೆ, ಕೂತು ಮಾತಾಡಿದರೆ ಬಗೆಹರಿದೀತು ಅಂತ ಒಂದು ಶನಿವಾರ ಬೆಳಗಾವಿಯ ಏಜೆಂಟನ ಆಫೀಸಿಗೆ ಹೋದೆವು. ಕೊರಳಿಗೆ ಟೈ ಕಟ್ಟಿದ ಹುಡುಗ, ಎ.ಸಿ. ರೂಮು, ಗೋಡೆ ತುಂಬ ನೀಲಿ ನೀರು. ಟೇಬಲ್ಲಿನ ಮೇಲೆ ಹಡಗಿನ ಮಹಡಿಗಳ ದೊಡ್ಡ ನಕ್ಷೆ ಹಾಸಿದ. ಜೇನುಗೂಡಿನ ಹಾಗೆ ನೂರಾರು ಖೋಲಿ. ಆಮೇಲೆ ಲ್ಯಾಪ್‌ಟಾಪು ತೆಗೆದು, ಕಣ್ಣು ಕಿರಿದು ಮಾಡಿ, ದನಿ ತಗ್ಗಿಸಿ ಅಂದ: "ಸರ್, ಆ ದಿನಕ್ಕೆ ಸೀ ವ್ಯೂ ಮೂರೇ ಮೂರು ಉಳಿದಿವೆ."

ಅವನು ಹಾಗೆ ಅನ್ನಬಾರದಿತ್ತು. 'ಮೂರೇ ಉಳಿದಾವ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಕಾನ ಬಲಗೈ ಅವರ ಅಪ್ಪಣೆ ಕೇಳದೆ ಎದ್ದಿತು. ಟಾವೆಲ್ಲು ಹೆಗಲಿಂದ ಹಾರಿ, ನಕ್ಷೆಯ ಮೇಲೆ ನಡುವಿನ ಮಹಡಿಯ ಎಡಭಾಗದಲ್ಲಿ ಸುಮಾರು ನಲವತ್ತು ಖೋಲಿಗಳನ್ನು ಮುಚ್ಚಿ ಕೂತಿತು. "ಇವು ನಮ್ಮವು" ಅಂದರು.

ಹುಡುಗ ನಕ್ಕ. ನಕ್ಕು, ಎರಡು ಬೆರಳಿನಿಂದ ಟಾವೆಲ್ಲು ಎತ್ತಿ ಪಕ್ಕಕ್ಕಿಟ್ಟ. ಕಾಕಾ ಮತ್ತೆ ಹಾಕಿದರು. "ಸರ್, ಆನ್‌ಲೈನ್ ಇರುತ್ತೆ, ಹೀಗೆ ಹಾಕಿದರೆ ಆಗಲ್ಲ" ಅಂದ. ಕಾಕಾ, ಆನ್‌ಲೈನ್ ಎಂದರೆ ಅದೇ ಇರಬೇಕು ಅಂತ, ಟಾವೆಲ್ಲನ್ನು ಲ್ಯಾಪ್‌ಟಾಪಿನ ಮೇಲೆ ಹಾಕಿ ಮೇಲಿನಿಂದ ಅಂಗೈ ಒತ್ತಿ ಹಿಡಿದರು. ಒಳಗೆ ಏನೇನು ಬಟನ್ ಒತ್ತಿದವೋ, ಯಂತ್ರ ಎರಡು ಸಲ ಕುಂಯ್ ಅಂತು. ಹುಡುಗ ಗಾಬರಿಯಾಗಿ ಟಾವೆಲ್ಲು ಕಿತ್ತು ನೋಡಿದರೆ ಪರದೆಯ ಮೇಲೆ ಹಡಗೂ ಇಲ್ಲ, ಸಮುದ್ರವೂ ಇಲ್ಲ, ಅವನ ಹೆಂಡತಿಯ ಸೀಮಂತದ ಫೋಟೊ. ಚಿಗವ್ವ "ಯವ್ವಾ, ಎಷ್ಟ ಚಂದ ಅದಾಳ, ಎಷ್ಟನೇ ತಿಂಗಳೋ ತಮ್ಮಾ?" ಅಂತ ಶುರು ಮಾಡಿದಳು. ಹದಿನೈದು ನಿಮಿಷ ಬಾಣಂತನದ ಮಾತಾಯಿತು. ಅಳವಿ ಪಾಯಸ ಮಾಡುವ ಕ್ರಮ ಅವನು ಬರೆದುಕೊಂಡ.

ಹೊರಡುವಾಗ ಸೋತ ದನಿಯಲ್ಲಿ ಒಂದು ಮಾತು ಹೇಳಿದ: "ಸರ್, ಹಡಗಿನಲ್ಲೂ ಈ ಪ್ರಾಬ್ಲಮ್ ಇದೆ. ಬೆಳಿಗ್ಗೆ ಬೇಗ ಎದ್ದು ಈಜುಕೊಳದ ಪಕ್ಕದ ಕುರ್ಚಿಗಳಿಗೆ ಟವೆಲ್ ಹಾಕಿ ಮತ್ತೆ ಮಲಗ್ತಾರೆ. ಎಷ್ಟೋ ಹಡಗಿನಲ್ಲಿ ಸಿಬ್ಬಂದಿಯವರು ಸ್ವಲ್ಪ ಹೊತ್ತು ನೋಡಿ ತೆಗೆದಿಡ್ತಾರೆ."

ಕಾಕಾನ ಮುಖ ಅರಳಿದ್ದು ನೋಡಬೇಕಿತ್ತು. ಇಡೀ ಜಗತ್ತಿನ ಶ್ರೀಮಂತರು ನಮ್ಮ ಬಸ್‌ಸ್ಟ್ಯಾಂಡಿನವರೇ ಅಂತ ಅವತ್ತು ಅವರಿಗೆ ಖಾತ್ರಿಯಾಯಿತು.

ಇಷ್ಟಾದರೂ ಹೋಗಬಹುದಿತ್ತು. ಆದರೆ ಚಿಗವ್ವ ಬಾದಾಮಿಯ ಬಸ್ಸಿನಲ್ಲೇ ನಿಂಬೆಹಣ್ಣು ಮೂಸುತ್ತ ಕೂಡುವಾಕಿ. ಹಡಗು ಕಡಿಮೆ ಹೊಯ್ದಾಡುವುದು ನಟ್ಟನಡುವೆ, ಕೆಳಗಿನ ಮಹಡಿಗಳಲ್ಲಿ. ಮೇಲೆ ಹೋದಷ್ಟೂ, ತುದಿಗೆ ಸರಿದಷ್ಟೂ ತೊಟ್ಟಿಲು. ಕಾಕಾನಿಗೆ ಬಾಲ್ಕನಿ ಬೇಕು, ಅದು ಮೇಲೆ. ಚಿಗವ್ವನಿಗೆ ಹೊಟ್ಟೆ ನಿಲ್ಲಬೇಕು, ಅದು ಕೆಳಗೆ. ನಲವತ್ತೆಂಟು ವರ್ಷ ಸಂಸಾರ ಮಾಡಿದವರು ಎರಡು ಮಹಡಿಯ ಸಲುವಾಗಿ ಒಂದು ವಾರ ಮಾತು ಬಿಟ್ಟರು. ಇನ್ನು ಬುತ್ತಿ. ಅರವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಎರಡು ಕಿಲೋ ಅಮೀನಗಡದ ಕರದಂಟು ಅಂತ ಯಾದಿ ತಯಾರಾದ ಮೇಲೆ, ಹಡಗಿಗೆ ಹೊರಗಿನ ತಿನಿಸು ಒಯ್ಯುವಂತಿಲ್ಲ ಅಂತ ಗೊತ್ತಾಯಿತು. ಬೀಗರ ಕಡೆಯ ಮೂವರು ಅವತ್ತೇ ಗುಂಪು ಬಿಟ್ಟರು. ಜಾಹೀರಾತಿನ ರೇಟಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಇಬ್ಬರು ಒಂದು ಖೋಲಿಯಲ್ಲಿದ್ದರೆ ಒಬ್ಬರಿಗೆ' ಅಂತಿತ್ತು. ಅದರ ಮೇಲೆ ತೆರಿಗೆ, ಬಂದರಿನ ಶುಲ್ಕ, ಸಿಬ್ಬಂದಿಯ ಭಕ್ಷೀಸು. ಕೂಡಿಸುತ್ತ ಹೋದಂತೆ ನನಗೇ ಹಡಗಿನಲ್ಲಿ ಕೂತ ಹಾಗೆ ತಲೆ ತಿರುಗಿತು.

ಹಾಗಾದರೆ ಸರ್ಕಾರಿ ಹಡಗು ನೋಡೋಣ ಅಂತ ಅತ್ತ ತಿರುಗಿದೆವು. ಕೊಚ್ಚಿಯಿಂದ ಹೊರಡುತ್ತದೆ, ದ್ವೀಪ ಮುಟ್ಟಲು 14ರಿಂದ 18 ತಾಸು. 'ಸಮುದ್ರಂ' ಅನ್ನುವ ಐದು ದಿನದ ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತಾರೆ, ಹಗಲು ದ್ವೀಪ, ರಾತ್ರಿ ಹಡಗು. ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ದೂರವೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಚಿಗವ್ವ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು. ಮೇಲೆ ಪರ್ಮಿಟ್ ಬೇರೆ ಬೇಕು, 1967ರ ನಿಯಮ.

"ನಮ್ಮ ದೇಶದಾಗ ನಾವು ಹೋಗಾಕ ಪರವಾನಗಿ ಯಾಕ?" ಅಂತ ಕಾಕಾ ಸಿಟ್ಟಿಗೆದ್ದರು.

"ದ್ವೀಪ ಸಣ್ಣವು ರೀ. ಎಲ್ಲಾ ಕೂಡಿ 32 ಚದರ ಕಿಲೋಮೀಟರ್. 36ರಾಗ ಹತ್ತರಾಗಷ್ಟ ಮಂದಿ ಅದಾರ. ಎಲ್ಲಾರೂ ನುಗ್ಗಿದ್ರ ಅವರು ಎಲ್ಲಿಗಿ ಹೋಗಬೇಕ್ರಿ?"

ಅವರನ್ನು ಸಮಾಧಾನ ಮಾಡಲು ನನಗೆ ಗೊತ್ತಿದ್ದ ಇತಿಹಾಸ ಬಿಚ್ಚಿದೆ. ಅಮಿನಿ, ಕದಮತ್, ಕಿಲ್ತಾನ್ ಮುಂತಾದ ದ್ವೀಪಗಳು ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನ ಕಲೆಕ್ಟರರದು. 1956ರ ನವೆಂಬರ್ 1ಕ್ಕೆ ಅವು ಕೇಂದ್ರಾಡಳಿತಕ್ಕೆ ಹೋದವು. ಕಾಕಾ ಬೆರಳು ಎತ್ತಿದರು. "ಅವತ್ತ ನಾವೂ ಮುಂಬೈ ರಾಜ್ಯ ಬಿಟ್ಟು ಈ ಕಡೆ ಬಂದ್ವಿ. ನಾವು ಬಾಗಿಲದಾಗ ಬರೂದರಾಗ ಅವರು ಹಿತ್ತಲದಾಗಿಂದ ಹ್ವಾದ್ರು. ಭೆಟ್ಟಿನೂ ಆಗಲಿಲ್ಲ ನೋಡು."

ಆ ಭರದಲ್ಲೇ ಮತ್ತೊಂದು ಸಂಗತಿ ಹೇಳಿದೆ. ಬಂಗಾರಂ ದ್ವೀಪದ ಹತ್ತಿರ ಪರಳಿ ಅನ್ನುವ ಪುಟ್ಟ ನಡುಗಡ್ಡೆಗಳಿದ್ದವು, ಅದರಲ್ಲೊಂದು ಸವೆದು ಸವೆದು ಪೂರ್ತಿ ನೀರಿನ ಪಾಲಾಗಿದೆ ಅಂತ 2017ರಲ್ಲಿ ಪೇಪರಿನಲ್ಲಿ ಬಂದಿತ್ತು.

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು. "ಪೂರಾ ಮುಳುಗಡಿ ಆತೇನು?"

"ಪೂರಾ."

"ಪರಿಹಾರ ಕೊಟ್ರ?"

"ಮಂದಿ ಇರಲಿಲ್ಲ ರೀ ಅಲ್ಲಿ."

"ಹಂಗಾರ ಪಾಡಾತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಂದಿ ಇದ್ದಿದ್ರ ಅವರೂ ಕೋರ್ಟಿಗೆ ತಿರಗತಿದ್ರು."

ಆಮೇಲೆ ಅವತ್ತು ಹಡಗಿನ ಮಾತು ಬರಲಿಲ್ಲ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಕಳೆದುಕೊಂಡ ಬಾಗಲಕೋಟೆಯವರ ಮುಂದೆ ಮುಳುಗುವ ಸುದ್ದಿ ತೆಗೆಯಬಾರದು. ಹೊರಗಿನವರು ಪೇಪರಿನಲ್ಲಿ ಬಂಗಾರದ ರೇಟು ನೋಡಿದ ಹಾಗೆ ಕಾಕಾ ಇವತ್ತಿಗೂ ದಿನಾ ಬೆಳಿಗ್ಗೆ ಆಲಮಟ್ಟಿಯ ನೀರಿನ ಮಟ್ಟ ನೋಡುತ್ತಾರೆ. 519.60 ಮೀಟರ್ ನೀರು ನಿಲ್ಲಿಸುವ ಈಗಿನ ಮಟ್ಟ, 524.256 ಮುಂದೆ ಏರಿಸಬೇಕೆಂದಿರುವ ಮಟ್ಟ, ಪಾಯಿಂಟಿನ ಮುಂದಿನ ಮೂರು ಅಂಕಿ ಸಹಿತ ಬಾಯಿಪಾಠ. ಆ ನಾಲ್ಕೂವರೆ ಮೀಟರಿನಲ್ಲಿ ಇನ್ನೆಷ್ಟು ಹೊಲ, ಎಷ್ಟು ಗುಡಿ ಅಂತ ಲೆಕ್ಕ ಹಾಕುವುದು ಅವರ ಬೆಳಗಿನ ಜಪ.

ಏಪ್ರಿಲ್ ಹೋಯಿತು. ಮೇ ಮಧ್ಯಕ್ಕೆ ದ್ವೀಪದ ಹಂಗಾಮು ಮುಗಿಯಿತು, ಇನ್ನು ಅಕ್ಟೋಬರಿಗೇ. ಮೇ ಕಡೆಯ ರವಿವಾರ ಕಾಕಾ ತಾವಾಗಿಯೇ, "ನಡೀರಿ, ಹಳೇ ಊರಿನ ಕಡೆ ಹೋಗಿ ಬರೂನು, ನೀರು ಇಳದಾವ" ಅಂದರು. ರೊಟ್ಟಿ ಕಟ್ಟಿಕೊಂಡು ಹೋದೆವು. ಅಲ್ಲಿ ಬುತ್ತಿಗೆ ಯಾರೂ ತಡೆಯುವುದಿಲ್ಲ. ಹಿನ್ನೀರು ಸರಿದ ಜಾಗದಲ್ಲಿ ಬಿರುಕು ಬಿಟ್ಟ ಕರೀ ಮಣ್ಣು, ಒಣಗಿದ ಸಿಂಪಿ, ಗುಡಿಯ ಕಟ್ಟೆಯ ನಾಲ್ಕು ಕಲ್ಲು. ಮೊಮ್ಮಕ್ಕಳಿಗೆ ಏನೂ ಕಾಣಲಿಲ್ಲ. ಕಾಕಾ ಮಾತ್ರ ಓಣಿ ಹಿಡಿದು ನಡೆದರು, ಎಡಕ್ಕೆ ಹೊರಳಿದರು, ಇಲ್ಲದ ಗಟಾರು ದಾಟಿದರು, ಒಂದು ಕಡೆ ಇಲ್ಲದ ತೊಲೆಗೆ ತಲೆ ಬಗ್ಗಿಸಿದರು. ನಿಂತರು. ಕಾಲಿನ ಕೆಳಗೆ ಒಂದು ಹಾಸುಗಲ್ಲು. ಪಡಸಾಲೆಯ ಮೆಟ್ಟಿಲಿನದಂತೆ.

ಹೆಗಲ ಮೇಲಿನ ಟಾವೆಲ್ಲು ತೆಗೆದು ಆ ಕಲ್ಲಿನ ಮೇಲೆ ಹಾಸಿದರು. ಈ ಸಲ ಒಗೆಯಲಿಲ್ಲ, ಮಡಿಕೆ ಬಿಡಿಸಿ ಹಾಸಿ ಕೂತರು. ಎದುರಿಗೆ ದೂರದವರೆಗೆ ನೀರು. "ಕಿಡಕಿ ಇಲ್ಲೇ ಇತ್ತು" ಅಂದರು.

ನನ್ನ ಹೆಂಡತಿ ತನ್ನ 25ನೇ ವರ್ಷದ ಸಮುದ್ರವನ್ನು ಸಿಂಪಿ ಆರಿಸುವುದರಲ್ಲಿ ಮುಗಿಸಿಕೊಂಡಳು. ಮುಗಿಸಿಕೊಂಡಳು ಅಂತ ನಾನು ತಿಳಿದಿದ್ದೆ. ದಾರಿಯಲ್ಲಿ ಬರುವಾಗ "ಇದು ಲೆಕ್ಕಕ್ಕಿಲ್ಲ" ಅಂದಳು.

ಅದಕ್ಕೇ ಇವತ್ತಿನ ಫೋನಿಗೆ ಇಷ್ಟು ಕಿರಿಕಿರಿ. ನಾನು "ನೋಡವಾ, ಈಗ ಮಳಿಗಾಲ, ನಮಗ ಬ್ಯಾಡ" ಅನ್ನುತ್ತಿರುವಾಗಲೇ ಆಕೆ "ಅಕ್ಟೋಬರ್ ಸೇಲಿಂಗ್ ಓಪನ್ ಆಗಿದೆ ಸರ್, ಸೀ ವ್ಯೂ ನಾಲ್ಕೇ ಉಳಿದಿವೆ" ಅಂದಳು. ಸ್ಪೀಕರ್ ಚಾಲೂ ಇತ್ತು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಕಾಕಾ ತಲೆ ಎತ್ತಿದರು. ಕೈ ಹೆಗಲಿಗೆ ಹೋಯಿತು. ಎದ್ದು ಬಂದು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಯವ್ವಾ, ನಾಕೂ ಹಿಡದಿಡು. ಕೆಳಗಿನ ಮಹಡಿ ಇರಲಿ, ಅಡ್ಡಿಯಿಲ್ಲ. ಮತ್ತ ಆ ಕಿಡಕಿ... ತೆಗಿಯಾಕ ಬರಂಗ ಏನರ ಮಾಡಾಕ ಆಗತೈತೇನ ನೋಡು."

ಅಷ್ಟರಲ್ಲಿ ಹಿಂದಿನಿಂದ ಹೆಂಡತಿ ಒದರಿದಳು. ತಿರುಗಿ ನೋಡಿದರೆ ಬ್ಯಾರಲ್ಲು ತುಂಬಿ, ಅಂಗಳ ತುಂಬಿ, ನನ್ನ ಒಂದು ಚಪ್ಪಲಿ ಗೇಟಿನ ಕಡೆ ತೇಲುತ್ತ ಹೊರಟಿತ್ತು.