ಬಿ.ಎಡ್. ಖರ್ಚಿನ ಲೆಕ್ಕಕ್ಕೆ ಕಾಯುವ ವರ್ಷಗಳನ್ನೂ ಸೇರಿಸಬೇಕು

ಪದವಿಯ ಫಲಿತಾಂಶ ಬಂದ ಕೂಡಲೇ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಏಳುವ ಪ್ರಶ್ನೆ, ಮಗನಿಗೋ ಮಗಳಿಗೋ ಬಿ.ಎಡ್. ಮಾಡಿಸೋಣವೇ ಎಂಬುದು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಾದ್ದರಿಂದ ಪ್ರತಿ ವರ್ಷವೂ ಕೆಲವು ತಂದೆತಾಯಿಗಳು ಈ ಪ್ರಶ್ನೆಯನ್ನು ಹಿಡಿದು ನನ್ನ ಬಳಿ ಬರುತ್ತಾರೆ. ಅವರು ವಿಚಾರಿಸುವುದು ಕಾಲೇಜಿನ ಶುಲ್ಕ ಎಷ್ಟು, ಸರ್ಕಾರಿ ಕೋಟಾದಲ್ಲಿ ಸೀಟು ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಕೊಡಬೇಕಾದೀತು ಎಂಬುದನ್ನು ಮಾತ್ರ. ಶುಲ್ಕವು ಈ ವ್ಯವಹಾರದ ಒಂದು ಸಣ್ಣ ಬಾಬು ಎಂದು ನಾನು ಹೇಳಿದಾಗ ಅವರಿಗೆ ಅಷ್ಟಾಗಿ ನಂಬಿಕೆ ಹುಟ್ಟುವುದಿಲ್ಲ. ಆದ್ದರಿಂದ ನನಗೆ ತಿಳಿದ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಖಾಸಗಿ ಕಾಲೇಜೊಂದರಲ್ಲಿ ಬಿ.ಎಡ್. ಮುಗಿಸಿದವಳು, ಖರ್ಚನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಒಳ್ಳೆಯ ಅಭ್ಯಾಸ ಅವಳಿಗಿದೆ. ಎರಡು ವರ್ಷಗಳ ಶುಲ್ಕ 90,000 ರೂಪಾಯಿ. ಜಿಲ್ಲಾ ಕೇಂದ್ರದಲ್ಲಿ ರೂಮು, ಊಟ, ಬಸ್ಸು ಸೇರಿ ಇನ್ನೊಂದು 90,000. ಮೂರನೆಯ ಬಾಬನ್ನು ಬಿ.ಎಡ್. ಮಾಡಿದವರು ಮಾತ್ರ ಬಲ್ಲರು: ಸೂಕ್ಷ್ಮ ಬೋಧನೆಯ ಪಾಠಗಳಿಗೆ ಚಾರ್ಟು, ಪ್ರತಿ ಪಾಠಕ್ಕೂ ಪಾಠೋಪಕರಣ, ಸಮವಸ್ತ್ರದ ಸೀರೆ, ಪೌರತ್ವ ತರಬೇತಿ ಶಿಬಿರದ ವಂತಿಗೆ, ಮತ್ತು ಕೈ ನೋಯುವಷ್ಟು ಬರೆದು ಬೈಂಡ್ ಮಾಡಿಸಬೇಕಾದ ರೆಕಾರ್ಡುಗಳು. ಇದಕ್ಕೆಲ್ಲ ಸುಮಾರು 15,000. ಒಟ್ಟು 1,95,000 ರೂಪಾಯಿಗೆ ಅವಳ ಪುಸ್ತಕದ ಲೆಕ್ಕ ಮುಗಿಯುತ್ತದೆ. (ರೆಕಾರ್ಡುಗಳನ್ನು ಹಣ ಕೊಟ್ಟು ಬೇರೆಯವರಿಂದ ಬರೆಸುವವರೂ ಇದ್ದಾರೆ. ತರಗತಿಗೇ ಬರದೆ ‘ನಾನ್ ಅಟೆಂಡಿಂಗ್’ ಎಂದು ಹೆಚ್ಚುವರಿ ಹಣ ಕಟ್ಟಿ ಪದವಿ ಪಡೆಯುವ ದಾರಿಯಂತೂ ಗುಟ್ಟಾಗಿ ಉಳಿದಿಲ್ಲ. ಅಂಥವರು ಮುಂದೆ ಯಾವ ಧೈರ್ಯದಿಂದ ಕರಿಹಲಗೆಯ ಮುಂದೆ ನಿಲ್ಲುತ್ತಾರೋ ನಾನರಿಯೆ.)

ಆದರೆ ಅವಳು ಬರೆಯದೆ ಬಿಟ್ಟ ಬಾಬೊಂದಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯ ಪ್ರಕಾರ 2015-16ರಿಂದ ಬಿ.ಎಡ್. ಎರಡು ವರ್ಷಗಳ ಕೋರ್ಸಾಯಿತು. ಶಾಲಾ ಅನುಭವದ ಅವಧಿ ಇಪ್ಪತ್ತು ವಾರಗಳಿಗೆ ಏರಿದ್ದರಿಂದ ಕಲಿಕೆಯ ದೃಷ್ಟಿಯಿಂದ ಈ ಬದಲಾವಣೆಯನ್ನು ನಾನು ಒಪ್ಪುತ್ತೇನೆ. ಬಡ ಮನೆಯ ಪದವೀಧರರಿಗೆ ಮಾತ್ರ ಇದರಿಂದ ಇನ್ನೊಂದು ವರ್ಷದ ದುಡಿಮೆ ತಪ್ಪಿತು. ತಿಂಗಳಿಗೆ 12,000 ರೂಪಾಯಿಯ ಸಾಧಾರಣ ಕೆಲಸವೊಂದು ಸಿಗುತ್ತಿತ್ತು ಎಂದುಕೊಂಡರೂ ಎರಡು ವರ್ಷಗಳಲ್ಲಿ ಬಾರದೆ ಹೋದ ಗಳಿಕೆ 2,88,000 ರೂಪಾಯಿ. ಇದನ್ನು ಸೇರಿಸಿದರೆ ಬಿ.ಎಡ್.ನ ನಿಜವಾದ ಬೆಲೆ 4,83,000 ರೂಪಾಯಿಯಾಗುತ್ತದೆ.

ಇಷ್ಟು ಹಣ ಹಾಕಿದ್ದಕ್ಕೆ ಬರುವುದೇನು? ಸರ್ಕಾರಿ ನೌಕರಿ ಸಿಕ್ಕವರ ವಿಷಯದಲ್ಲಿ ಚರ್ಚೆಯೇ ಬೇಡ. ಆರರಿಂದ ಎಂಟನೆಯ ತರಗತಿಗೆ ಕಲಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ ಆರಂಭಿಕ ಮೂಲ ವೇತನ 27,650 ರೂಪಾಯಿ ಇದ್ದದ್ದು, 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶ್ರೇಣಿ ಜಾರಿಯಾದ ಮೇಲೆ 44,425 ಆಗಿದೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದರೆ ಪಿಂಚಣಿ ಯೋಜನೆಯ (ಎನ್‌ಪಿಎಸ್) ಕಡಿತಕ್ಕೆ ಮೊದಲು 50,000 ದಾಟುತ್ತದೆ. ಹಾಕಿದ ಹಣ ಒಂದೂವರೆ ವರ್ಷದೊಳಗೆ ಕೈಗೆ ಮರಳುತ್ತದೆ.

ಉಳಿದವರ ಸ್ಥಿತಿ ಬೇರೆ. ಅತಿಥಿ ಶಿಕ್ಷಕರ ಗೌರವಧನವನ್ನು 2025ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ 12,000, ಪ್ರೌಢಶಾಲೆಯಲ್ಲಿ 12,500 ರೂಪಾಯಿ. ಬೇಸಿಗೆ ರಜೆಯ ತಿಂಗಳುಗಳಿಗೆ ಅದೂ ಇಲ್ಲ. ತಾಲ್ಲೂಕು ಮಟ್ಟದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 10,000ದಿಂದ 15,000 ಕೊಟ್ಟರೆ ಹೆಚ್ಚು. ಸಹಿ ಹಾಕುವ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು ಎಂಬ ದೂರು ನಾನು ಕೇಳಿದಷ್ಟು ಸಲ ನೀವೂ ಕೇಳಿರುತ್ತೀರಿ. ಎಂದರೆ, ಬಿ.ಎಡ್. ಮಾಡದೆ ಹೋಗಿದ್ದರೂ ಬರುತ್ತಿದ್ದ ಸಂಬಳವೇ ಬಿ.ಎಡ್. ಮಾಡಿದ ಮೇಲೂ ಬರುತ್ತದೆ. ಹಾಕಿದ 4,83,000 ರೂಪಾಯಿ ಮರಳುವ ದಾರಿ ಕಾಣುವುದಿಲ್ಲ.

ಹೀಗಾಗಿ ಇಡೀ ಲೆಕ್ಕ ನಿಂತಿರುವುದು ಸರ್ಕಾರಿ ನೇಮಕಾತಿ ಎಂಬ ಒಂದೇ ಕಂಬದ ಮೇಲೆ, ಮತ್ತು ಆ ನೇಮಕಾತಿಗೆ ಕಾಲದ ಕಟ್ಟುಪಾಡೇ ಇಲ್ಲ. 2022ರಲ್ಲಿ ಕಲ್ಯಾಣ ಕರ್ನಾಟಕದ 5,000 ಹುದ್ದೆಗಳೂ ಸೇರಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಬಂತು. ಮೇ ತಿಂಗಳಲ್ಲಿ ಪರೀಕ್ಷೆ ಬರೆದವರು, ವಿವಾಹಿತ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವ್ಯಾಜ್ಯ ಹೈಕೋರ್ಟಿನಲ್ಲಿ ಎದ್ದುದರಿಂದ, ನೇಮಕಾತಿ ಆದೇಶ ನೋಡಬೇಕಾದರೆ 2023ರ ಕೊನೆಯವರೆಗೆ ಕಾಯಬೇಕಾಯಿತು. ಮುಂದೆ 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳೊಳಗಿನ ಒಳಮೀಸಲಾತಿಯ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಷ್ಟೂ ಕಾಲ ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಬಾಡಿಗೆ, ಮೆಸ್ಸು, ಕೋಚಿಂಗು ಎಂದು ತಿಂಗಳಿಗೆ 8,000 ರೂಪಾಯಿ ಸುರಿಯುತ್ತ ಕುಳಿತವರ ಲೆಕ್ಕವನ್ನು ಯಾರೂ ಇಡಲಿಲ್ಲ. ಮೂರು ವರ್ಷ ಹೀಗೆ ಕಾದರೆ 2,88,000 ರೂಪಾಯಿಯಾಗುತ್ತದೆ; ವಯೋಮಿತಿಯ ಭಯ ಬೇರೆ.

ಈ ನಡುವೆ ನಿಯಮಗಳೂ ಬದಲಾಗುತ್ತಲೇ ಇರುತ್ತವೆ. ಬಿ.ಎಡ್. ಮಾಡಿದವರು ಒಂದರಿಂದ ಐದನೆಯ ತರಗತಿಗೂ ಅರ್ಹರು ಎಂದಿದ್ದ 2018ರ ಎನ್‌ಸಿಟಿಇ ಅಧಿಸೂಚನೆಗೆ ಸುಪ್ರೀಂ ಕೋರ್ಟಿನ 2023ರ ಆಗಸ್ಟ್ ತೀರ್ಪಿನ ನಂತರ ಬೆಲೆ ಉಳಿದಿಲ್ಲ. ಆರರಿಂದ ಎಂಟಕ್ಕೆ ಕಲಿಸಬೇಕಾದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೆಯ ಪತ್ರಿಕೆಯಲ್ಲಿ 150ಕ್ಕೆ 90 ಅಂಕ ಬರಬೇಕು (ಮೀಸಲು ವರ್ಗದ ಕೆಲವರಿಗೆ ಶೇ. 55 ಸಾಕು).

ಇಷ್ಟೆಲ್ಲ ಬರೆದ ಮೇಲೆ ಬಿ.ಎಡ್. ಬೇಡವೆಂಬುದೇ ನನ್ನ ಮಾತೆಂದು ಯಾರೂ ತಿಳಿಯಬಾರದು. ನಾನು ಹೇಳುವುದು, ಈ ಪದವಿಯ ಬೆಲೆ ವಿಷಯದಿಂದ ವಿಷಯಕ್ಕೆ ತೀರ ಭಿನ್ನವಾಗಿದೆ ಎಂದು. 2022ರ ನೇಮಕಾತಿಯಲ್ಲಿ 15,000 ಹುದ್ದೆಗಳೆಲ್ಲ ತುಂಬುವಷ್ಟು ಅಭ್ಯರ್ಥಿಗಳು ಸಿಗಲಿಲ್ಲ. ನನ್ನ ಅನುಭವದಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ವಿಷಯದ ಶಿಕ್ಷಕರನ್ನು ಖಾಸಗಿ ಶಾಲೆಗಳೂ ಹುಡುಕಿಕೊಂಡು ಬರುತ್ತವೆ, ಬೆಂಗಳೂರಿನ ಸಿಬಿಎಸ್‌ಇ ಶಾಲೆಗಳು ಮರ್ಯಾದೆಯ ಸಂಬಳವನ್ನೇ ಕೊಡುತ್ತವೆ, ಊರಿನಲ್ಲಿಯೇ ಇದ್ದರೂ ಮನೆಪಾಠದಿಂದ ಸಂಬಳದಷ್ಟೇ ದುಡಿಯಬಹುದು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ ಹುಡುಗಿಯೊಬ್ಬಳು ಬಂದು ಕೇಳಿದರೆ ನಾನು ಎರಡು ಮಾತಿಲ್ಲದೆ ಸೇರು ಎನ್ನುತ್ತೇನೆ. ಪಿಯುಸಿ ಹಂತದಲ್ಲಿಯೇ ಬಂದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷಗಳ ಸಂಯೋಜಿತ ಪದವಿಯತ್ತ ಬೆರಳು ತೋರಿಸುತ್ತೇನೆ, ಏಕೆಂದರೆ ಅಲ್ಲಿ ಒಂದು ವರ್ಷ ಉಳಿಯುತ್ತದೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಐಚ್ಛಿಕವಾಗಿ ಓದಿದವರು ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಅಕ್ಕನ ಮಗಳದೂ ಕಲಾ ವಿಭಾಗವೇ. ‘ಮಾಮಾ, ಕಲಿಸೂದು ನನಗ ಖರೇನ ಸೇರ್ತದ’ ಎಂದಿದ್ದಳು. ಆ ಇಷ್ಟಕ್ಕೆ ನಾನು ಬೆಲೆ ಕಟ್ಟಲಾರೆ. ಆದರೆ ಅವಳ ಗೆಳತಿಯರಲ್ಲಿ ಹಲವರು ಮದುವೆಯ ತನಕ ‘ಒಂದು ಬಿ.ಎಡ್. ಮಾಡಿಟ್ಟಿರಲಿ’ ಎಂಬ ಹಿರಿಯರ ಮಾತಿಗೆ ಸೇರಿದವರು.

ಸರ್ಕಾರ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹಣವೂ ಬೇಕಿಲ್ಲ. ಬಿ.ಎಡ್. ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುವ ಕೇಂದ್ರೀಕೃತ ದಾಖಲಾತಿ ಘಟಕ ಶಿಕ್ಷಣ ಇಲಾಖೆಯ ಕೈಯಲ್ಲಿಯೇ ಇದೆ. ಯಾವ ಜಿಲ್ಲೆಯಲ್ಲಿ ಯಾವ ವಿಷಯದ ಎಷ್ಟು ಹುದ್ದೆ ಖಾಲಿ ಇವೆ, ಮುಂದಿನ ಐದು ವರ್ಷಗಳಲ್ಲಿ ಎಷ್ಟು ಮಂದಿ ನಿವೃತ್ತರಾಗುತ್ತಾರೆ ಎಂಬ ಮಾಹಿತಿಯೂ ಅದೇ ಇಲಾಖೆಯಲ್ಲಿದೆ. ಈ ಪಟ್ಟಿಯನ್ನು ಪ್ರತಿ ವರ್ಷ ಪ್ರವೇಶದ ಅರ್ಜಿಯ ಜೊತೆಯಲ್ಲಿಯೇ, ಮೊದಲ ಪುಟದಲ್ಲಿ ಪ್ರಕಟಿಸಲಿ. ಸೀಟು ಆಯ್ದುಕೊಳ್ಳುವ ಮೊದಲು ಅಭ್ಯರ್ಥಿಯೂ, ಶುಲ್ಕ ಕಟ್ಟುವ ಅಪ್ಪನೂ ಅದನ್ನು ಓದಲಿ.