ಡೆಲಿವರಿ ಪಾಯಿಂಟ್‌ಗೆ ಒಪ್ಪಿಗೆ ಅಂದರೆ ಮನೆಗೆ ಗ್ಯಾಸ್ ಅಲ್ಲ

ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ದಾಭೋಳ–ಬೆಂಗಳೂರು ಪೈಪ್‌ಲೈನ್‌ನಲ್ಲಿ ಹೊಸ ಡೆಲಿವರಿ ಪಾಯಿಂಟ್‌ಗೆ ಸರ್ಕಾರದ ಒಪ್ಪಿಗೆ. ಮುಂದಿನ ತಿಂಗಳಿಂದ ಪುಣೆಯ ಎಲ್ಲ ಸೊಸೈಟಿಗಳಿಗೂ ಪೈಪ್ ಗ್ಯಾಸ್. ಈಗಲೇ ಹಣ ಕಟ್ಟಿ.' ಇದು ತಪ್ಪು.

ಗೇಲ್ ಕಂಪನಿಯ ಈ ಪೈಪ್‌ಲೈನ್ 2013ರಲ್ಲಿ ಶುರುವಾಯಿತು. ರತ್ನಾಗಿರಿ ಜಿಲ್ಲೆಯ ದಾಭೋಳದಿಂದ ಹೊರಟು ಬೆಳಗಾವಿ ಕಡೆ ಹೋಗುತ್ತದೆ. ಪುಣೆ ಅದರ ದಾರಿಯಲ್ಲೇ ಇಲ್ಲ!

ಡೆಲಿವರಿ ಪಾಯಿಂಟ್ ಅಂದರೆ ದೊಡ್ಡ ಪೈಪಿನಿಂದ ಗ್ಯಾಸ್ ಹೊರಗೆ ತೆಗೆದು, ಅಳೆದು, ಕಾರ್ಖಾನೆಗೋ ನಗರದ ಗ್ಯಾಸ್ ಕಂಪನಿಗೋ ಕೊಡುವ ಜಾಗ. ಅಲ್ಲಿಂದ ಮನೆವರೆಗಿನ ಕೆಲಸವೇ ಬೇರೆ. ನಗರದ ಜಾಲಕ್ಕೆ ಗ್ಯಾಸ್ ಒಳಬರುವ ಸಿಟಿ ಗೇಟ್ ಸ್ಟೇಷನ್‌ನಲ್ಲಿ ಒತ್ತಡ ಇಳಿಸಬೇಕು, ಸೋರಿದರೆ ಗೊತ್ತಾಗಲಿ ಅಂತ ವಾಸನೆ ಸೇರಿಸಬೇಕು, ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇಕು, ಆಮೇಲೆ ಕಟ್ಟಡದೊಳಗೆ ಪೈಪ್, ಮೀಟರ್. ಒಂದು ತಿಂಗಳಲ್ಲಿ ಊರಿಗೆಲ್ಲ ಇಷ್ಟು ಆಗುತ್ತಾ?

ಇನ್ನೊಂದು ಮಾತು. ಪೈಪ್‌ಲೈನ್ ಹಾಕಲು, ನಗರದಲ್ಲಿ ಗ್ಯಾಸ್ ಹಂಚಲು ಪಿಎನ್‌ಜಿಆರ್‌ಬಿ (ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ) ಬೇರೆ ಬೇರೆ ಅನುಮತಿ ಕೊಡುತ್ತದೆ. ಪುಣೆ, ಪಿಂಪ್ರಿ-ಚಿಂಚ್‌ವಡದಲ್ಲಿ ಹಂಚುವುದು ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್. ಮುಂಬೈಯ ಮಹಾನಗರ ಗ್ಯಾಸ್ ಬೇರೆ ಕಂಪನಿ. ಕನೆಕ್ಷನ್ ಬೇಕಿದ್ದರೆ ನೇರ ನಿಮ್ಮ ಊರಿನ ಕಂಪನಿಯನ್ನೇ ಕೇಳಿ. ಸಂದೇಶದ ಲಿಂಕ್ ನಂಬಿ ಸುಮ್ನೆ ಹಣ ಕಳಿಸಬೇಡಿ.